ಬ್ಯಾಂಕಿನ ಶಿಲ್ಕು ಮತ್ತು ಪುಸ್ತಕದ ಶಿಲ್ಕು ತಾಳೆಯಾಗದಿದ್ದರೆ ಏನು ಮಾಡಬೇಕು?

ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟಿನ ಶಿಲ್ಕು ನಿಮ್ಮ ಪುಸ್ತಕದ ಶಿಲ್ಕಿಗಿಂತ 4,180 ಹೆಚ್ಚಿದೆ, ಅಷ್ಟಕ್ಕೆ ಒಂದು ಜಮೆ ಬರೆದು ಮುಗಿಸಿಬಿಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಬಹಳ ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ನನಗೆ ಹೆಚ್ಚು ಸಂಕಟ ಕೊಟ್ಟಿರುವುದು ಹೀಗೆ ಬಲವಂತವಾಗಿ ಸರಿದೂಗಿಸಿಟ್ಟ ಲೆಕ್ಕಗಳೇ.

ವ್ಯತ್ಯಾಸ ಒಂದೇ ಅಂಕಿಯಾಗಿ ಕಂಡರೂ ಅದರ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಹಲವು ಸಂಗತಿಗಳಿರುತ್ತವೆ. ನಿಮ್ಮ 4,180 ಹೀಗೆ ಹುಟ್ಟಿರಬಹುದು: ಯಾರಿಗೋ 5,000ದ ಚೆಕ್ ಕೊಟ್ಟು ಪುಸ್ತಕದಲ್ಲಿ ಖರ್ಚು ಹಾಕಿದ್ದೀರಿ, ಪಡೆದವರು ಅದನ್ನಿನ್ನೂ ಬ್ಯಾಂಕಿಗೆ ಹಾಕಿಲ್ಲ. ಬ್ಯಾಂಕು 550 ಶುಲ್ಕ ಮುರಿದುಕೊಂಡಿದೆ, ಅದನ್ನು ನೀವು ಬರೆದಿಲ್ಲ. 7,630ರ ಪಾವತಿಯನ್ನು ಅವಸರದಲ್ಲಿ 7,360 ಎಂದು ಬರೆದಿದ್ದೀರಿ. ಅಲ್ಲಿ 270 ತಪ್ಪಿತು. 5,000ದಲ್ಲಿ 550 ಮತ್ತು 270 ಕಳೆದರೆ ಸರಿಯಾಗಿ 4,180.

ಶುಲ್ಕವನ್ನೂ ಆ 270ನ್ನೂ ನಿಮ್ಮ ಪುಸ್ತಕದಲ್ಲೇ ಸರಿಪಡಿಸಬೇಕು. ಚೆಕ್ಕಿಗೆ ಮಾತ್ರ ಯಾವ ಹೊಸ ನಮೂದೂ ಬೇಡ. ಹೊಂದಾಣಿಕೆ ಪಟ್ಟಿಯಲ್ಲಿ, ಅಂದರೆ ಎರಡು ಶಿಲ್ಕುಗಳ ವ್ಯತ್ಯಾಸಕ್ಕೆ ಕಾರಣ ತೋರಿಸುವ ಹಾಳೆಯಲ್ಲಿ, ಅದರ ಸಂಖ್ಯೆ, ದಿನಾಂಕ, ಮೊತ್ತ ತೋರಿಸಿದರೆ ಸಾಕು. ಇದರ ಬದಲು 4,180 ಜಮೆ ಬರೆದಿದ್ದರೆ, ಆ ಚೆಕ್ ನಗದಾದ ದಿನ ಪುಸ್ತಕದ ಶಿಲ್ಕು ಬ್ಯಾಂಕಿಗಿಂತ 5,000 ಹೆಚ್ಚಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಕಾರಣ ಯಾರಿಗೂ ನೆನಪಿರುವುದಿಲ್ಲ.

ಹುಡುಕಲು ಕೂರುವ ಮುನ್ನ ಹಿಂದಿನ ತಿಂಗಳ ಪಟ್ಟಿ ನಿಜವಾಗಿ ತಾಳೆಯಾಗಿತ್ತೇ ಎಂದು ನೋಡಿ. ಆರಂಭದ ಶಿಲ್ಕಿನಲ್ಲೇ ತಪ್ಪಿದ್ದರೆ ಈ ತಿಂಗಳ ಪ್ರತಿ ಸಾಲನ್ನೂ ಸ್ಟೇಟ್‌ಮೆಂಟಿನ ಜೊತೆ ಹೋಲಿಸಿ ಗುರುತು ಹಾಕಿ ಪ್ರಯೋಜನವಿಲ್ಲ. ನಂತರ ವ್ಯತ್ಯಾಸವನ್ನು 9ರಿಂದ ಭಾಗಿಸಿ. ಪಕ್ಕಪಕ್ಕದ ಅಂಕಿಗಳು ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ನಾನೊಮ್ಮೆ ಬರೀ 63ಕ್ಕಾಗಿ ಎರಡು ಸಂಜೆ ಕಳೆದಿದ್ದೆ. 1,481 ಬಂದಿದ್ದನ್ನು 1,418 ಎಂದು ಬರೆದಿದ್ದೆ. ಮೊದಲೇ ಭಾಗಿಸಿ ನೋಡಿದ್ದರೆ ಎಲ್ಲಿ ಹುಡುಕಬೇಕೆಂದು ತಿಳಿಯುತ್ತಿತ್ತು. ಜಮೆಯನ್ನು ಖರ್ಚಿನ ಬದಿಗೆ ಬರೆದಿದ್ದರೆ ವ್ಯತ್ಯಾಸ ಇಮ್ಮಡಿಯಾಗುತ್ತದೆ, ಆದ್ದರಿಂದ ಅರ್ಧ ಮೊತ್ತದ ನಮೂದನ್ನೂ ಹುಡುಕಿ. ಹಲವು ತಪ್ಪುಗಳು ಬೆರೆತಿದ್ದರೆ ಈ ಸುಳಿವುಗಳು ಕೈಕೊಡುತ್ತವೆ. ಆಗ ಸಾಲು ಸಾಲಾಗಿ ಗುರುತು ಹಾಕುವುದೊಂದೇ ದಾರಿ.

ಸ್ಟೇಟ್‌ಮೆಂಟಿನ ಡೆಬಿಟ್, ಕ್ರೆಡಿಟ್ ನೋಡಿ ಹೊಸಬರು ಗಾಬರಿಯಾಗುತ್ತಾರೆ. ನಿಮ್ಮ ಪುಸ್ತಕದಲ್ಲಿ ಬ್ಯಾಂಕಿನಲ್ಲಿರುವ ಹಣ ನಿಮ್ಮ ಆಸ್ತಿ. ಬ್ಯಾಂಕಿನ ಪುಸ್ತಕದಲ್ಲಿ ಅದೇ ಹಣ ನಿಮಗೆ ಕೊಡಬೇಕಾದ ಬಾಕಿ. ಆಸ್ತಿ ಹೆಚ್ಚಿದರೆ ಡೆಬಿಟ್, ಕೊಡಬೇಕಾದ ಬಾಕಿ ಹೆಚ್ಚಿದರೆ ಕ್ರೆಡಿಟ್ ಬರೆಯುತ್ತಾರೆ. ಅದಕ್ಕೇ ನೀವು ಡೆಬಿಟ್ ಬರೆದ ಜಮೆ ಅಲ್ಲಿ ಕ್ರೆಡಿಟ್ ಆಗಿರುತ್ತದೆ.

ಕಾರ್ಡ್ ಮೂಲಕ ಬರುವ ಹಣದ ಮೇಲೂ ಕಣ್ಣಿಡಿ. ಹಲವು ಮಾರಾಟಗಳ ಮೊತ್ತ ಕಮಿಷನ್ ಕಳೆದು ಒಂದೇ ಸಾಲಾಗಿ ಜಮೆಯಾಗಿರಬಹುದು. ಪೂರ್ತಿ ಮಾರಾಟವನ್ನು ಆದಾಯವಾಗಿಯೂ ಕಮಿಷನ್ನನ್ನು ಖರ್ಚಾಗಿಯೂ ಬೇರೆ ಬೇರೆ ಬರೆಯಿರಿ.

ಇನ್ನು ಆ 5,000ದ ಚೆಕ್. ಅದೇ ಸಂಖ್ಯೆ ಸತತ ಮೂರು ತಿಂಗಳು ನಿಮ್ಮ ಪಟ್ಟಿಯಲ್ಲಿ ಉಳಿದರೆ ಸುಮ್ಮನಿರಬೇಡಿ, ಪಡೆದವರಿಗೆ ಫೋನ್ ಮಾಡಿ ವಿಚಾರಿಸಿ. ಕಳೆದುಹೋಗಿದ್ದರೆ ಬ್ಯಾಂಕಿಗೆ ಹೇಳಿ ಅದರ ಪಾವತಿ ತಡೆಸಿ, ಆಮೇಲೆ ಬೇರೆ ಚೆಕ್ ಕೊಡಿ.