ಮಾಲ್ಟಾಕ್ಕೆ ಹೋಗಿ, ದಿನಕ್ಕೆ ಒಂದೇ ಜಾಗ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಗಂಡ ಹೆಂಡತಿ ಇಬ್ಬರೂ ಅರವತ್ತರ ಆಸುಪಾಸಿನವರು, ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪದಲ್ಲಿ ಒಂಬತ್ತು ಹತ್ತು ದಿನ ಇದ್ದು ಪ್ರಾಚೀನ ಅವಶೇಷಗಳನ್ನು ನೋಡಬೇಕು, ಆದರೆ ಓಡಾಟದ ಗಡಿಬಿಡಿ ಬೇಡ. ಕ್ರೀಟ್, ಸಿಸಿಲಿ, ಸೈಪ್ರಸ್ ಇವುಗಳಲ್ಲಿ ಯಾವುದು ಸರಿ? ನನ್ನ ಉತ್ತರ ನಿಮ್ಮ ಪಟ್ಟಿಯಲ್ಲಿ ಇಲ್ಲ. ಮಾಲ್ಟಾಕ್ಕೆ ಹೋಗಿ.

ಕ್ರೀಟ್ ಬೇಡವೆಂದು ಹೇಳಲು ಮನಸ್ಸು ಬರುವುದಿಲ್ಲ. ಕ್ನೊಸೋಸ್ ಅರಮನೆ, ಹೆರಾಕ್ಲಿಯನ್ ವಸ್ತುಸಂಗ್ರಹಾಲಯ ಎರಡೂ ಜೀವನದಲ್ಲಿ ಒಮ್ಮೆ ನೋಡಬೇಕಾದವು. ಆದರೆ ಆ ದ್ವೀಪ ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದವಿದೆ. ಅಲ್ಲಿನ ಇನ್ನೆರಡು ಪ್ರಾಚೀನ ಅರಮನೆಗಳಲ್ಲಿ ಫೈಸ್ಟೋಸ್ ದಕ್ಷಿಣದಲ್ಲಿ, ಜಾಕ್ರೋಸ್ ಪೂರ್ವದ ತುದಿಯಲ್ಲಿ. ಕಾರು ಓಡಿಸದಿದ್ದರೆ ಅರ್ಧ ರಜೆ ಬಸ್ ನಿಲ್ದಾಣದಲ್ಲೇ ಕಳೆಯುತ್ತದೆ. ಸಿಸಿಲಿಯಂತೂ ಇನ್ನೂ ದೊಡ್ಡದು. ಮಾಲ್ಟಾದ ಮುಖ್ಯ ದ್ವೀಪದ ಉದ್ದ 27 ಕಿಲೋಮೀಟರ್, ಹೆಚ್ಚುಕಡಿಮೆ ಮೆಜೆಸ್ಟಿಕ್‌ನಿಂದ ನೆಲಮಂಗಲಕ್ಕೆ ಹೋದಷ್ಟು. ಮಂಡಿನೋವಿರುವ ನನ್ನ ಅಮ್ಮನನ್ನು ಕರೆದುಕೊಂಡು ಏಪ್ರಿಲ್ ತಿಂಗಳಲ್ಲಿ ಒಂಬತ್ತು ದಿನ ಅಲ್ಲಿದ್ದೆ. ಒಂದು ದಿನವೂ ಬೆಳಗ್ಗೆ ಅಲಾರಂ ಇಟ್ಟುಕೊಂಡು ಏಳಲಿಲ್ಲ.

ಅಲ್ಲಿ ನೋಡಲು ಏನಿದೆ ಎಂದರೆ, ಕ್ರಿಸ್ತಪೂರ್ವ 3600ರಿಂದ 2500ರ ನಡುವೆ ಕಟ್ಟಿದ ಕಲ್ಲಿನ ದೇಗುಲಗಳು. ಅವುಗಳಲ್ಲಿ ಹಳೆಯವು ಗೀಜಾದ ಪಿರಮಿಡ್ಡುಗಳಿಗಿಂತ ಸಾವಿರ ವರ್ಷ ಹಿಂದಿನವು. ಕಟ್ಟಿದವರ ಬಳಿ ಲೋಹದ ಉಪಕರಣವಿರಲಿಲ್ಲ, ಬರಹವೂ ಇರಲಿಲ್ಲ. ಅವರು ಯಾರನ್ನು ಪೂಜಿಸಿದರು, ಏನೆಂದು ಕರೆದರು, ಒಂದು ಹೆಸರೂ ಉಳಿದಿಲ್ಲ. ಇಂಥ ಜಾಗಗಳನ್ನು ಒಂದೇ ದಿನ ನಾಲ್ಕು ನೋಡಿದರೆ ರಾತ್ರಿ ಮಲಗುವಾಗ ನಾಲ್ಕೂ ಒಂದೇ ಕಲ್ಲುರಾಶಿಯಾಗಿ ಬೆರೆತುಹೋಗುತ್ತವೆ. ಅದಕ್ಕೇ ದಿನಕ್ಕೊಂದು ಎಂದೆ.

ಯೋಜನೆಯನ್ನು ವಿಮಾನದ ಟಿಕೆಟ್‌ನಿಂದ ಶುರು ಮಾಡಬೇಡಿ. ಪಾವೋಲಾ ಎಂಬ ಊರಿನಲ್ಲಿರುವ ಹಾಲ್ ಸಾಫ್ಲಿಯೇನಿ ಹೈಪೋಜಿಯಂನಿಂದ ಶುರು ಮಾಡಿ. ಇದು ನೆಲದಡಿ ಮೂರು ಹಂತಗಳಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಸಮಾಧಿ. ಸುಮಾರು ಏಳು ಸಾವಿರ ಜನರ ಅಸ್ಥಿಗಳು ಇಲ್ಲಿದ್ದವೆಂದು ಅಂದಾಜು. ಒಳಗಿನ ಗಾಳಿ, ತೇವ ಕೆಡಬಾರದೆಂದು ಒಂದು ಸಲಕ್ಕೆ ಹತ್ತು ಜನರಂತೆ ದಿನಕ್ಕೆ 80 ಜನರನ್ನು ಮಾತ್ರ ಬಿಡುತ್ತಾರೆ, ಟಿಕೆಟ್‌ಗಳು ತಿಂಗಳುಗಳ ಮೊದಲೇ ಮುಗಿದಿರುತ್ತವೆ. ನನ್ನ ಮೊದಲ ಪ್ರಯತ್ನದಲ್ಲಿ ವಿಮಾನ, ಹೋಟೆಲ್ ಎಲ್ಲವನ್ನೂ ಕಾದಿರಿಸಿ ಕೊನೆಗೆ ಇದನ್ನು ನೋಡಿದೆ. ನಾವು ಅಲ್ಲಿರುವ ಒಂಬತ್ತು ದಿನಗಳಲ್ಲಿ ಒಂದೂ ಖಾಲಿ ಇರಲಿಲ್ಲ. ದಿನಾಂಕ ಬದಲಿಸಲು ದಂಡ ಕಟ್ಟಿದೆ, ಅದಕ್ಕಾಗಿ ಇವತ್ತಿಗೂ ಬೇಸರವಿಲ್ಲ. ಹಿಂದಿನ ದಿನ ಕೆಲವು ಟಿಕೆಟ್‌ಗಳನ್ನು ಹೆಚ್ಚಿನ ಬೆಲೆಗೆ ಮಾರುವ ಪದ್ಧತಿಯೂ ಇದೆ, ಆದರೆ ಅಷ್ಟು ದೂರದಿಂದ ಹೋಗುವವರು ಅದನ್ನು ನಂಬಿ ಕೂರಬಾರದು. ಹಲವು ಜಾಗಗಳಿಗೆ ಸೇರಿಸಿ ಕೊಡುವ ಹೆರಿಟೇಜ್ ಮಾಲ್ಟಾ ಪಾಸ್ ಕೊಂಡರೆ ಲಾಭವೇ, ಆದರೆ ಹೈಪೋಜಿಯಂ ಅದರಲ್ಲಿ ಸೇರಿಲ್ಲ.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ನೆಲದ ಮೇಲಿನ ದೇಗುಲಗಳ ಚಾವಣಿಗಳೆಲ್ಲ ಬಿದ್ದುಹೋಗಿವೆ. ಆದರೆ ಹೈಪೋಜಿಯಂ ಕೊರೆದವರು ಆ ದೇಗುಲಗಳ ಬಾಗಿಲು, ಕಂಬ, ಒಂದರ ಮೇಲೊಂದು ಒಳಕ್ಕೆ ಚಾಚಿಕೊಂಡು ಬರುವ ಚಾವಣಿ, ಎಲ್ಲವನ್ನೂ ಬಂಡೆಯಲ್ಲಿ ಹಾಗೆಯೇ ಕೆತ್ತಿದ್ದಾರೆ. ಅಂದರೆ ಮೇಲೆ ಕಳೆದುಹೋದದ್ದು ಕೆಳಗೆ ಉಳಿದಿದೆ. ಇದನ್ನು ಮೊದಲು ನೋಡಿದರೆ ಉಳಿದ ಕಡೆ ಮುರಿದ ಗೋಡೆಯ ಮುಂದೆ ನಿಂತಾಗ ಮಿಕ್ಕದ್ದನ್ನು ಮನಸ್ಸು ತಾನೇ ಕಟ್ಟಿಕೊಳ್ಳುತ್ತದೆ. ಒಳಗೆ ಚಾವಣಿಯ ಮೇಲೆ ಕೆಮ್ಮಣ್ಣಿನಿಂದ ಬರೆದ ಸುರುಳಿಗಳಿವೆ. ಮೊಬೈಲ್, ಕ್ಯಾಮೆರಾ ಒಯ್ಯುವಂತಿಲ್ಲ, ಮಾತೂ ಕಡಿಮೆ. ಅಮ್ಮ ಹೊರಗೆ ಬಂದ ಮೇಲೆ ಬಹಳ ಹೊತ್ತು ಏನನ್ನೂ ಹೇಳಲಿಲ್ಲ.

1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿಗಾಗಿ ನೆಲ ಅಗೆಯುವಾಗ ಇದರ ಚಾವಣಿ ಒಡೆದು ಈ ಜಾಗ ಬೆಳಕಿಗೆ ಬಂತು. ಮೊದಲು ಉತ್ಖನನ ನಡೆಸಿದ ಪಾದ್ರಿ ಮ್ಯಾನುಯೆಲ್ ಮಾಗ್ರಿ 1907ರಲ್ಲಿ ಟುನೀಷಿಯಾದಲ್ಲಿ ತೀರಿಕೊಂಡರು, ಅವರ ಟಿಪ್ಪಣಿಗಳು ಸಿಗಲೇ ಇಲ್ಲ. ಆಮೇಲೆ ಕೆಲಸ ಮುಂದುವರಿಸಿದವರು ಥೆಮಿಸ್ಟೋಕ್ಲಿಸ್ ಝಾಮಿಟ್. ಏಳು ಸಾವಿರ ಜನರಲ್ಲಿ ಯಾರು ಯಾರ ಪಕ್ಕದಲ್ಲಿ ಮಲಗಿದ್ದರು ಎಂಬ ಸಂಗತಿಯ ದೊಡ್ಡ ಭಾಗ ಆ ಟಿಪ್ಪಣಿಗಳ ಜೊತೆಗೇ ಹೋಯಿತು. ನನಗೆ ಇದು ಇಂದಿಗೂ ಸಂಕಟ ತರುವ ವಿಷಯ.

ಹೈಪೋಜಿಯಂಗಿಂತ ಒಂದು ದಿನ ಮೊದಲು ರಾಜಧಾನಿ ವಲೆಟ್ಟಾದ ರಿಪಬ್ಲಿಕ್ ಸ್ಟ್ರೀಟ್‌ನಲ್ಲಿರುವ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಹೈಪೋಜಿಯಂನಲ್ಲಿ ಸಿಕ್ಕ ‘ಮಲಗಿರುವ ಮಹಿಳೆ’ ಇರುವುದು ಅಲ್ಲಿ. ಉದ್ದ ಸುಮಾರು 12 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಯಬಹುದಾದ ಮಣ್ಣಿನ ಮೂರ್ತಿ. ಮಂಚದ ಮೇಲೆ ಒಂದು ಮಗ್ಗುಲಿಗೆ ತಿರುಗಿ, ತಲೆಯಡಿ ಕೈಯಿಟ್ಟು ಮಲಗಿದ್ದಾಳೆ. ನಿದ್ದೆಯೋ ಸಾವೋ, ನೋಡುವವರೇ ತೀರ್ಮಾನಿಸಬೇಕು. ತಾರ್ಶೀನ್ ದೇಗುಲದ ಮೂಲ ಕೆತ್ತನೆಗಳೂ ಇಲ್ಲಿಯೇ ಇವೆ, ದೇಗುಲದಲ್ಲಿ ಈಗಿರುವವು ಪ್ರತಿಕೃತಿಗಳು. ಆದ್ದರಿಂದ ಅಸಲನ್ನು ನೋಡಿಕೊಂಡು ಹೋಗುವುದು ಒಳ್ಳೆಯದು. ತಾರ್ಶೀನ್ ಹೈಪೋಜಿಯಂನಿಂದ ನಡೆದು ಹೋಗುವಷ್ಟು ಹತ್ತಿರ, ದಿನಕ್ಕೊಂದು ಎಂಬ ನಿಯಮವನ್ನು ಅಲ್ಲಿ ಮುರಿಯಿರಿ. ಕಲ್ಲುಗಳನ್ನು ಉರುಳಿಸಿಕೊಂಡು ತರಲು ಬಳಸಿರಬಹುದಾದ ಗುಂಡುಕಲ್ಲುಗಳು ಅಲ್ಲಿ ಇನ್ನೂ ಬಿದ್ದಿವೆ. ಚೆಂಡಿನಷ್ಟು ಗುಂಡಗಿನ ಆ ಕಲ್ಲುಗಳ ಮುಂದೆ ಅಮ್ಮ ದೇಗುಲಕ್ಕಿಂತ ಹೆಚ್ಚು ಹೊತ್ತು ನಿಂತರು.

ದಕ್ಷಿಣ ತೀರದ ಹಜಾರ್ ಈಮ್ ಮತ್ತು ಮ್ನಾಯ್ದ್ರಾ ದೇಗುಲಗಳಿಗೆ ಒಂದು ಪೂರ್ತಿ ಬೆಳಗನ್ನು ಕೊಡಿ. ಎರಡರ ನಡುವೆ ಅರ್ಧ ಕಿಲೋಮೀಟರ್ ಕಲ್ಲುಹಾಸಿನ ದಾರಿ. ಹೋಗುವಾಗ ಇಳಿಜಾರು, ಬರುವಾಗ ಏರು, ನೆರಳಿಲ್ಲ. ಸಮುದ್ರದಲ್ಲಿ ಫಿಲ್ಫ್ಲಾ ಎಂಬ ಪುಟ್ಟ ನಡುಗಡ್ಡೆ ದಾರಿಯುದ್ದಕ್ಕೂ ಕಣ್ಣಿಗೆ ಬೀಳುತ್ತದೆ. ಹಜಾರ್ ಈಮ್ ಕಟ್ಟಿರುವುದು ಮೃದುವಾದ ಜೇನುಬಣ್ಣದ ಸುಣ್ಣಕಲ್ಲಿನಲ್ಲಿ, ಗಾಳಿ ಮಳೆಗೆ ಅದು ಪದರುಪದರಾಗಿ ಉದುರುತ್ತದೆ. ಮ್ನಾಯ್ದ್ರಾ ಬಹುಪಾಲು ಗಟ್ಟಿಯಾದ ಹವಳ ಸುಣ್ಣಕಲ್ಲಿನದು. ಎರಡಕ್ಕೂ 2009ರಲ್ಲಿ ಬಿಳಿ ಚಪ್ಪರ ಹಾಕಿದ್ದಾರೆ. ಚಪ್ಪರದಿಂದ ನೋಟ ಕೆಟ್ಟಿತೆಂದು ಕೆಲವರು ದೂರುತ್ತಾರೆ. ಉದುರುತ್ತಿರುವ ಆ ಕಲ್ಲನ್ನು ಹತ್ತಿರದಿಂದ ನೋಡಿದ ನಾನು ಆ ದೂರನ್ನು ಒಪ್ಪುವುದಿಲ್ಲ.

ಮ್ನಾಯ್ದ್ರಾದ ಕೆಳಗಿನ ದೇಗುಲ ಪೂರ್ವಕ್ಕೆ ಮುಖಮಾಡಿದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮನಾಗುವ ದಿನ ಸೂರ್ಯನ ಮೊದಲ ಕಿರಣ ನೇರವಾಗಿ ಬಾಗಿಲು ದಾಟಿ ಒಳಗಿನ ತುದಿಯವರೆಗೆ ಹೋಗುತ್ತದೆ. ಜೂನ್, ಡಿಸೆಂಬರ್‌ಗಳಲ್ಲಿ ಹಗಲು ಅತಿ ದೀರ್ಘ ಮತ್ತು ಅತಿ ಚಿಕ್ಕದಾಗುವ ದಿನಗಳಂದು ಬಾಗಿಲಿನ ಒಂದೊಂದು ಪಕ್ಕದ ಕಲ್ಲಿನ ಅಂಚನ್ನು ಬೆಳಕು ಸವರುತ್ತದೆ. ಇದನ್ನು ಓದಿ ಹೇಳಿದಾಗ ಅಮ್ಮ ತಕ್ಷಣ, ‘ನಮ್ಮ ಗವಿ ಗಂಗಾಧರೇಶ್ವರನ ಸಂಕ್ರಾಂತಿಯ ಬೆಳಕಿನ ಹಾಗೆ’ ಎಂದರು. ಎರಡರ ನಡುವೆ ಸಾವಿರಾರು ವರ್ಷ, ಸಾವಿರಾರು ಮೈಲಿ ಅಂತರವಿದೆ, ಆದರೂ ಆ ಮಾತಿನ ನಂತರ ಆ ಕಲ್ಲುಗಳು ನಮಗೆ ಪರಕೀಯವೆನಿಸಲಿಲ್ಲ. ನಿಮ್ಮ ರಜೆಯ ದಿನಗಳು ನಿಮ್ಮ ಕೈಯಲ್ಲೇ ಇದ್ದರೆ ಸೆಪ್ಟೆಂಬರ್ 22ರ ಸುತ್ತ ಹೊಂದಿಸಿಕೊಳ್ಳಿ. ಆ ಸಮಯದಲ್ಲಿ ಸೂರ್ಯೋದಯಕ್ಕೆ ವಿಶೇಷ ಪ್ರವೇಶ ಏರ್ಪಡಿಸುತ್ತಾರೆ, ಮೊದಲೇ ಕಾದಿರಿಸಬೇಕು. ಇಲ್ಲವಾದರೆ ಏಪ್ರಿಲ್, ಮೇ. ಜುಲೈ, ಆಗಸ್ಟ್‌ನ ಬಿಸಿಲು ಬೇಡವೇ ಬೇಡ.

ವಾಸ್ತವ್ಯ ಎರಡೇ ಕಡೆ ಸಾಕು. ಮೊದಲ ಆರು ರಾತ್ರಿ ವಲೆಟ್ಟಾದ ಕೋಟೆಬಾಗಿಲಿನ ಹೊರಗಿನ ಫ್ಲೋರಿಯಾನಾದಲ್ಲಿರಿ. ವಲೆಟ್ಟಾದ ಒಳಗೆ ಚೆಲುವಾದ ಬೀದಿಗಳಿವೆ, ಆದರೆ ಅನೇಕ ಬೀದಿಗಳು ಮೆಟ್ಟಿಲುಗಳೇ, ಮಂಡಿಗೆ ಒಳ್ಳೆಯದಲ್ಲ. ಮುಖ್ಯ ಬಸ್ ನಿಲ್ದಾಣ ಕೋಟೆಬಾಗಿಲ ಎದುರಿಗೇ ಇರುವುದರಿಂದ ಎಲ್ಲ ಕಡೆಗೂ ಅಲ್ಲಿಂದಲೇ ಬಸ್ ಸಿಗುತ್ತದೆ. ಬಸ್ಸುಗಳು ತಡವಾಗುತ್ತವೆ, ಒಮ್ಮೊಮ್ಮೆ ತುಂಬಿ ನಿಲ್ಲಿಸದೆ ಹೋಗುತ್ತವೆ. ಅಂಥ ದಿನ ಮೊಬೈಲ್‌ನಲ್ಲಿ ಟ್ಯಾಕ್ಸಿ ಕರೆಯಿರಿ, ದೂರ ಕಡಿಮೆ. ಊರಿನ ಹೆಸರುಗಳನ್ನು ಮಾತ್ರ ಬರೆದ ಹಾಗೆ ಓದಬೇಡಿ. ಮಾಲ್ಟೀಸ್ ಭಾಷೆ ಅರಬ್ಬಿ ಮೂಲದ್ದು, ಲಿಪಿ ರೋಮನ್. ‘ಎಕ್ಸ್’ ಅಕ್ಷರವನ್ನು ‘ಶ’ ಎಂದು, ‘ಕ್ಯೂ’ವನ್ನು ಗಂಟಲಲ್ಲೇ ನುಂಗಿ ಹೇಳುತ್ತಾರೆ. ಇಂಗ್ಲಿಷ್ ಅಲ್ಲಿನ ಅಧಿಕೃತ ಭಾಷೆಯೂ ಹೌದು, ಆದ್ದರಿಂದ ಮಾತಿಗೆ ತೊಂದರೆಯಿಲ್ಲ. ಇನ್ನೊಂದು ದಿನ ಇಮ್ದೀನಾ ಕೋಟೆಯೂರು ಮತ್ತು ಅದಕ್ಕೆ ಹೊಂದಿದ ರಬಾತ್‌ನ ಸಂತ ಪೌಲನ ಹೆಸರಿನ ನೆಲದಡಿಯ ಸಮಾಧಿಗಳು. ಒಂದು ದಿನವನ್ನು ಪೂರ್ತಿ ಖಾಲಿ ಬಿಡಿ.

ಕೊನೆಯ ಮೂರು ರಾತ್ರಿ ಗೋಜೋ ದ್ವೀಪದ ಶಾರಾ ಎಂಬ ಊರಿನಲ್ಲಿ. ಅಲ್ಲಿಂದ ಜಗಂತೀಯ ದೇಗುಲಕ್ಕೆ ನಡೆದೇ ಹೋಗಬಹುದು. ಆರು ಮೀಟರ್‌ವರೆಗೆ ಎದ್ದು ನಿಂತ ಆ ಗೋಡೆಗಳನ್ನು ಮನುಷ್ಯರು ಕಟ್ಟಿರಲಾರರೆಂದು ಊರಿನವರು ನಂಬಿದ್ದರು. ಹೆಸರಿನ ಅರ್ಥವೇ ದೈತ್ಯರದು ಎಂದು. ಬೀನ್ಸ್ ಕಾಳು ಮತ್ತು ಜೇನು ತಿಂದು ಬದುಕಿದ ಒಬ್ಬ ದೈತ್ಯೆ, ಹೆಗಲಿಗೆ ಮಗುವನ್ನು ತೂಗುಹಾಕಿಕೊಂಡು ಇದನ್ನು ಕಟ್ಟಿದಳಂತೆ. ಅದೇ ಜಾತಿಯ ಕಾಳನ್ನು ಬೇಯಿಸಿ ಬೆಳ್ಳುಳ್ಳಿ ಹಾಕಿ ಅರೆದ ಬಿಗಿಲ್ಲಾ ಎಂಬ ಗೊಜ್ಜನ್ನು ಇಂದಿಗೂ ಬ್ರೆಡ್ಡಿನ ಜೊತೆ ಕೊಡುತ್ತಾರೆ. ಸಸ್ಯಾಹಾರಿಗಳಾದರೆ ಅದು ನಿಮ್ಮ ನೆಚ್ಚಿನದಾಗುತ್ತದೆ. ಚೀಸ್ ಅಥವಾ ಬಟಾಣಿ ತುಂಬಿದ ಪಾಸ್ತಿತ್ಸಿ ಎಂಬ ತಿಂಡಿ ಎಲ್ಲೆಡೆ ಸಿಗುತ್ತದೆ, ಆದರೆ ಹಿಟ್ಟಿಗೆ ಹಂದಿಯ ಕೊಬ್ಬು ಬಳಸಿದ್ದಾರೆಯೇ ಎಂದು ಕೇಳಿ ತಿನ್ನಿ. ಸಂಜೆ ಮಾರ್ಸಾಲ್ಫೋರ್ನ್ ಬಳಿಯ ಉಪ್ಪಿನ ಮಡಿಗಳ ಅಂಚಿನಲ್ಲಿ ಕುಳಿತರೆ ದಿನ ಮುಗಿಯಿತು.

ಮಾಲ್ಟಾ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನಲ್ಲಿ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ವೀಸಾ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ವಯಸ್ಸಾದವರಿಗೆ ನಡುವೆ ಕನಿಷ್ಠ ಮೂರು ಗಂಟೆ ಬಿಡುವಿರುವ ವಿಮಾನಗಳನ್ನೇ ಆರಿಸಿ. ಅಲ್ಲಿನ ವಿದ್ಯುತ್ ಸಾಕೆಟ್ ಇಂಗ್ಲೆಂಡಿನ ಮೂರು ಚಪ್ಪಟೆ ಕಡ್ಡಿಗಳದ್ದು, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ. ಮುಖ್ಯ ದ್ವೀಪದ ಚಿರ್ಕೆವ್ವಾ ಬಂದರಿನಿಂದ ಗೋಜೋಗೆ ಹೋಗುವ ದೊಡ್ಡ ಹಡಗು 25 ನಿಮಿಷದಲ್ಲಿ ತಲುಪಿಸುತ್ತದೆ. ಹೋಗುವಾಗ ಟಿಕೆಟ್ ಕೌಂಟರ್ ಹುಡುಕಿ ಗಾಬರಿಯಾಗಬೇಡಿ, ಅಲ್ಲಿ ಹಣ ಪಡೆಯುವುದು ಗೋಜೋದಿಂದ ಮರಳುವಾಗ ಮಾತ್ರ.