ಮೂರು ಭಾಷೆ, ಒಂದೇ ಕಂಠ

ಓದುಗರ ಪ್ರಶ್ನೆ: ನಟಿ, ಗಾಯಕಿ ಪಿ. ಭಾನುಮತಿಯವರು ಹಾಡಿದ ಚಿತ್ರಗೀತೆಗಳ ಪಟ್ಟಿ ಮಾಡುತ್ತಿದ್ದೇನೆ. ‘ಚಂಡೀರಾಣಿ’ ಚಿತ್ರದ ಯುಗಳಗೀತೆಯ ಧಾಟಿ ತೆಲುಗು, ತಮಿಳು, ಹಿಂದಿ ಮೂರರಲ್ಲೂ ಇದೆ. ಒಂದೇ ಧ್ವನಿಮುದ್ರಣದಲ್ಲಿ ಮಾತು ಮಾತ್ರ ಬದಲಿಸಿದ್ದಾರೆಯೇ? ಇದನ್ನು ಒಂದು ಹಾಡೆಂದು ಬರೆಯಲೇ, ಮೂರೆಂದು ಬರೆಯಲೇ?

ಸಂಪಾದಕರ ಉತ್ತರ: ಮೂರೆಂದೇ ಬರೆಯಿರಿ. ಮಾತು ಮಾತ್ರ ಬದಲಿಸುವ ಅನುಕೂಲ ಆಗ ಇರಲಿಲ್ಲ. 1950ರ ದಶಕದ ಆರಂಭದಲ್ಲಿ ಗಾಯಕರು, ವಾದ್ಯವೃಂದ ಎಲ್ಲರೂ ಒಟ್ಟಿಗೆ ಕೂತು ಒಂದೇ ಟ್ರ್ಯಾಕಿಗೆ ಹಾಡಿ ನುಡಿಸುತ್ತಿದ್ದರು. ಕಂಠವನ್ನು ಬೇರೆ ಮಾಡಿ ತೆಗೆಯಲು ಬಾರದು. ಭಾಷೆ ಬದಲಾದರೆ ಪಿಟೀಲಿನಿಂದ ಹಿಡಿದು ತಬಲದವರೆಗೆ ಎಲ್ಲರೂ ಮತ್ತೆ ಮೊದಲಿನಿಂದ ನುಡಿಸಬೇಕು.

1953ರ ‘ಚಂಡೀರಾಣಿ’ಯನ್ನು ಭಾನುಮತಿಯವರೇ ನಿರ್ದೇಶಿಸಿದರು, ದ್ವಿಪಾತ್ರದಲ್ಲಿ ನಟಿಸಿದರು, ಹಾಡಿದರು. ನೀವು ಕೇಳಿರುವ ಗೀತೆಯ ಗಂಡುದನಿ ತೆಲುಗು, ತಮಿಳಿನಲ್ಲಿ ಘಂಟಸಾಲ ಅವರದು, ಹಿಂದಿಯಲ್ಲಿ ತಲತ್ ಮಹಮೂದ್ ಅವರದು. ನಾಯಕ ಎನ್‌.ಟಿ. ರಾಮರಾವ್ ಅವರ ಕಂಠ ಭಾಷೆಗೆ ತಕ್ಕಂತೆ ಬದಲಾಯಿತು; ನಾಯಕಿಯದು ಬದಲಾಗಲಿಲ್ಲ. ಅವರ ವೃತ್ತಿಜೀವನದ ವೈಶಿಷ್ಟ್ಯವೇ ಇದು. ಹಿನ್ನೆಲೆ ಗಾಯನ ಬಂದ ಮೇಲೆ ಭಾಷೆ ದಾಟುವುದು ನಟಿಯರಿಗೆ ಸುಲಭವಾಯಿತು, ಏಕೆಂದರೆ ದಾಟಬೇಕಾದದ್ದು ಮುಖ ಮಾತ್ರ. ಭಾನುಮತಿ ಕಂಠವನ್ನೂ ಜೊತೆಗೆ ಕೊಂಡೊಯ್ದರು.

ಅದರ ಕಷ್ಟ ಎಲ್ಲಿದೆ ಎಂಬುದನ್ನು ಮೂರು ಆವೃತ್ತಿಗಳನ್ನೂ ಒಂದರ ಹಿಂದೊಂದು ಕೇಳಿ ಗಮನಿಸಿ. ತೆಲುಗಿನ ಪದಗಳು, ನಮ್ಮ ಕನ್ನಡದಂತೆಯೇ, ಬಹುತೇಕ ಸ್ವರಾಂತ. ಸಾಲಿನ ಕೊನೆಯಲ್ಲಿ ಆ ಸ್ವರವನ್ನೇ ಹಿಡಿದು ಗಮಕ ಬಿಡಬಹುದು. ಹಿಂದಿಯಲ್ಲಿ ಸಾಲು ಎಷ್ಟೋ ಸಲ ವ್ಯಂಜನದಲ್ಲಿ ನಿಲ್ಲುತ್ತದೆ, ತಮಿಳಿನಲ್ಲೂ ನ್‌, ಲ್‌, ಮ್‌ ಬರುತ್ತವೆ. ಅಲ್ಲಿ ಅದರ ಹಿಂದಿನ ಸ್ವರವನ್ನು ಎಳೆದು, ತಾಳ ಬೀಳುವ ಹೊತ್ತಿಗೆ ಸರಿಯಾಗಿ ವ್ಯಂಜನವನ್ನು ಮುಚ್ಚಬೇಕು. ಬೇಗ ಮುಚ್ಚಿದರೆ ಸಾಲು ಮೊಟಕಾಗುತ್ತದೆ, ತಡವಾದರೆ ಮುಂದಿನ ಸಾಲಿಗೆ ಉಸಿರು ಸಾಲದು. ಮಾತ್ರೆಗಳ ಲೆಕ್ಕ ಸರಿಹೋದ ಮಾತ್ರಕ್ಕೆ ಧಾಟಿ ಕೂರುವುದಿಲ್ಲ ಎನ್ನುವುದು ಇದಕ್ಕೇ.

ಚಿತ್ರೀಕರಣದ ತೊಡಕು ಬೇರೆ. ಪ, ಬ, ಮ ಅಕ್ಷರಗಳಿಗೆ ತುಟಿ ಪೂರ್ತಿ ಮುಚ್ಚುತ್ತದೆ. ಒಂದು ಭಾಷೆಯಲ್ಲಿ ‘ಮ’ ಇರುವ ಜಾಗದಲ್ಲಿ ಇನ್ನೊಂದರಲ್ಲಿ ‘ಆ’ ಇದ್ದರೆ ಕ್ಲೋಸಪ್ ಅನ್ನು ಹಂಚಿಕೊಳ್ಳಲಾಗದು, ಭಾಷೆಗೊಂದರಂತೆ ತೆಗೆಯಲೇಬೇಕು. ಮುಖ ಚಿಕ್ಕದಾಗಿ ಕಾಣುವ ದೂರದ ಶಾಟ್‌ಗಳಲ್ಲಿ ಮಾತ್ರ ಹೊಂದಾಣಿಕೆ ಸಾಧ್ಯ. ಮೊದಲೇ ಮುದ್ರಿಸಿದ ಹಾಡನ್ನು ಸೆಟ್ಟಿನಲ್ಲಿ ಲೌಡ್‌ಸ್ಪೀಕರಿನಿಂದ ಕೇಳಿಸುವಾಗ ಅದನ್ನು ಎಲ್ಲಿಡುತ್ತಾರೆ ಎಂಬುದೂ ಮುಖ್ಯ: ಅದು ನಟಿಯಿಂದ ಸುಮಾರು 14 ಮೀಟರ್ ದೂರವಿದ್ದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಧ್ವನಿ ಒಂದು ಫ್ರೇಮ್ ತಡವಾಗಿ ಕಿವಿಗೆ ಬೀಳುತ್ತದೆ. ಇವೆಲ್ಲ ಸರಿಯಿದ್ದರೂ ಉಸಿರಿನ ಪ್ರಶ್ನೆ ಉಳಿಯುತ್ತದೆ. ಬೇರೆಯವರ ಹಾಡಿಗೆ ತುಟಿ ಆಡಿಸುವಾಗ ತುಟಿ ಹೊಂದಿದರೂ ಕೊರಳು, ಭುಜ ಹೊಂದುವುದಿಲ್ಲ. ಭಾನುಮತಿಗೆ ತಾನು ಎಲ್ಲಿ ಉಸಿರೆಳೆದೆ ಎಂಬುದು ಗೊತ್ತು. ಬಿ.ಎನ್‌. ರೆಡ್ಡಿಯವರ ‘ಮಲ್ಲೀಶ್ವರಿ’ (1951) ನೋಡಿ. ಕೃಷ್ಣದೇವರಾಯನ ಕಾಲದ ಕಥೆ, ನಮ್ಮವರು ನೋಡಲೇಬೇಕಾದ ಚಿತ್ರ. ಹಾಡುವ ದೃಶ್ಯಗಳಲ್ಲಿ ಅವರ ಕೊರಳಿನ ಮೇಲೆ ಕಣ್ಣಿಡಿ.

1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದ ‘ಯಾರೇ ಕೂಗಾಡಲಿ’ಯನ್ನು ರಾಜ್‌ಕುಮಾರ್ ತಾವೇ ಹಾಡಿದಾಗ ಏನಾಯಿತೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. ಭಾನುಮತಿಯವರು 1939ರ ‘ವರವಿಕ್ರಯಂ’ ಕಾಲದಿಂದಲೇ ಹಾಡುನಟಿ. ಸುತ್ತಲಿನವರೆಲ್ಲ ಹಿನ್ನೆಲೆ ಗಾಯಕಿಯರತ್ತ ಹೊರಳಿದ ಮೇಲೂ ಅವರು ಹೊರಳಲಿಲ್ಲ. 1955ರ ‘ಮಿಸ್ಸಮ್ಮ’ದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮೊದಲು ಅದರ ನಾಯಕಿಯ ಪಾತ್ರ ಭಾನುಮತಿಯವರದಾಗಿತ್ತು, ಅವರು ಹೊರಬಂದ ಮೇಲೆ ಸಾವಿತ್ರಿಗೆ ಹೋಯಿತು. ಒಬ್ಬ ನಟಿಯ ಜಾಗಕ್ಕೆ ಇಬ್ಬರು ಬೇಕಾದರು: ನಟನೆಗೆ ಸಾವಿತ್ರಿ, ಹಾಡಿಗೆ ಪಿ. ಲೀಲಾ. ಸಾವಿತ್ರಿಯವರ ಅಭಿನಯದ ಬಗ್ಗೆ ನನ್ನಲ್ಲಿ ಬರೀ ಮೆಚ್ಚುಗೆಯಿದೆ. ಆದರೂ ಆ ಹಾಡುಗಳು ಭಾನುಮತಿಯ ಕಂಠದಲ್ಲಿ ಹೇಗಿರುತ್ತಿದ್ದವೋ ಎಂಬ ಆಸೆ ಬಿಡುವುದಿಲ್ಲ.

ನಿಮ್ಮ ಪಟ್ಟಿಯ ವಿಷಯಕ್ಕೆ ಬರೋಣ. ಭಾಷೆಗೆ ಒಂದು ಕಂಬಸಾಲು (ಕಾಲಂ), ಜೊತೆಗಾಯಕರಿಗೆ ಇನ್ನೊಂದು ಇರಲಿ. ‘ಚಂಡೀರಾಣಿ’ಯಂಥ ಕಡೆ ಎರಡನೆಯದೇ ಗೊಂದಲ ಬಿಡಿಸುತ್ತದೆ. ಅದರ ಸಂಗೀತದ ಎದುರು ಸಿ.ಆರ್. ಸುಬ್ಬರಾಮನ್‌, ಎಂ.ಎಸ್‌. ವಿಶ್ವನಾಥನ್ ಇಬ್ಬರ ಹೆಸರನ್ನೂ ಬರೆಯಿರಿ. ಸುಬ್ಬರಾಮನ್ 1952ರಲ್ಲಿ ತೀರಿಕೊಂಡರು, ಉಳಿದ ಕೆಲಸ ಮುಗಿಸಿದವರು ವಿಶ್ವನಾಥನ್‌. ‘ಅಲಿಬಾಬಾವುಂ 40 ತಿರುಡರ್ಗಳುಂ’ (1956), ‘ಅಂಬಿಕಾಪತಿ’ (1957) ಎರಡರಲ್ಲೂ ‘ಮಾಸಿಲಾ’ ಎಂದು ಶುರುವಾಗುವ ಯುಗಳಗೀತೆಗಳಿವೆ. ಮೊದಲನೆಯದರಲ್ಲಿ ಭಾನುಮತಿಯವರ ಜೊತೆ ಎ.ಎಂ. ರಾಜಾ, ಎರಡನೆಯದರಲ್ಲಿ ಟಿ.ಎಂ. ಸೌಂದರರಾಜನ್‌. ಪಲ್ಲವಿಯ ಮೊದಲ ಪದ ಮಾತ್ರ ಬರೆದುಕೊಂಡರೆ ಎರಡೂ ಕಲಸಿಹೋಗುತ್ತವೆ, ಪೂರ್ತಿ ಸಾಲು ಬರೆಯಿರಿ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುವುದು ಮೂರು ನಿಮಿಷದ ಆಚೀಚೆ ಮಾತ್ರ. ಉದ್ದದ ಹಾಡು ಎರಡು ಬದಿಗೂ ಹರಿದಿದ್ದರೆ ಅದನ್ನು ಒಂದೇ ಎಂದು ಎಣಿಸಿ.