ಪಾಟಣದ ಜಮೀನಿನ ಕೃಷಿ ಹೊಂಡ ಮತ್ತು ಕೊಯ್ನಾ ಭೂಕಂಪ

ಅಕ್ಕಾ, ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಪಾಟಣದ ಹತ್ತಿರ 30 ಮೀಟರ್ ಉದ್ದ, 30 ಅಗಲ, 3 ಆಳದ ಶೇತತಳೆ, ಅಂದರೆ ಕೃಷಿ ಹೊಂಡ, ತೋಡಿಸಬೇಕೆಂದಿದ್ದೀರಿ. ನೀರು ನಿಲ್ಲಿಸಿದರೆ ಅಲ್ಲೇ ಹತ್ತಿರದ ಕೊಯ್ನಾ ಅಣೆಕಟ್ಟಿನಲ್ಲಿ ಆದ ಹಾಗೆ ನೆಲ ನಡುಗೀತು ಅಂತ ಪಕ್ಕದ ಹೊಲದವರು ಹೆದರಿಸಿದ್ದಾರೆ. ಹೊಂಡ ಧಾರಾಳವಾಗಿ ತೋಡಿಸಿ. ನೋಡಬೇಕಾದ್ದು ಅಲ್ಲಿರುವ ಹಳೇ ಕಲ್ಲಿನ ಮನೆ.

ಲೆಕ್ಕ ಹಾಕೋಣ. ದಂಡೆಗೆ ಒಂದೂವರೆಗೆ ಒಂದರ ಇಳಿಜಾರು ಕೊಟ್ಟರೆ ನಿಮ್ಮ ಹೊಂಡ ಹಿಡಿಯುವುದು ಸುಮಾರು 20 ಲಕ್ಷ ಲೀಟರ್. ಕೊಯ್ನಾದ ಜಲಾಶಯ ಶಿವಸಾಗರ ತುಂಬಲು ಅಂಥವು ಸುಮಾರು 14 ಲಕ್ಷ ಹೊಂಡ ಬೇಕು. ಅದಕ್ಕಿಂತ ಮುಖ್ಯವಾದದ್ದು ಆಳ. ಪ್ರತಿ 10 ಮೀಟರ್ ನೀರಿಗೆ ತಳದಲ್ಲಿ ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಬೀಳುತ್ತದೆ. ನಿಮ್ಮಲ್ಲಿ ಕಾಲು ಕಿಲೋ ಚಿಲ್ಲರೆ, ಅಲ್ಲಿ ಅಣೆಕಟ್ಟಿನ ಬುಡದಲ್ಲಿ ಸುಮಾರು 8. ಆ ಒತ್ತಡ ಕರಿಕಲ್ಲಿನ ಬಿರುಕುಗಳ ಮೂಲಕ ತಿಂಗಳು, ವರ್ಷಗಟ್ಟಲೆ ಕೆಳಕ್ಕೆ ಹರಡಿ, ಆಳದ ಸ್ತರಭಂಗದ (ಬಂಡೆ ಸೀಳಿ ಜಾರುವ ದೊಡ್ಡ ಬಿರುಕಿನ) ಎರಡು ಮಗ್ಗುಲು ಒಂದನ್ನೊಂದು ಬಿಗಿಹಿಡಿದಿರುವುದನ್ನು ಸಡಿಲಿಸುತ್ತದೆ. ಜಾರುವ ಬಲ ಮೊದಲೇ ಅಲ್ಲಿ ಕೂಡಿಟ್ಟಿರಬೇಕು. ನೀರು ಅದನ್ನು ಹುಟ್ಟಿಸುವುದಿಲ್ಲ. ಕೃಷ್ಣರಾಜಸಾಗರ, ತುಂಗಭದ್ರಾ ಎಷ್ಟು ಸಲ ತುಂಬಿದರೂ ಅಂಥ ಭೂಕಂಪ ಆಗದಿದ್ದದ್ದು ಇದಕ್ಕೇ.

ಕೊಯ್ನಾದಲ್ಲಿ 1962ರ ಹೊತ್ತಿಗೆ ನೀರು ನಿಲ್ಲತೊಡಗಿತು, ಕಂಪನಗಳೂ ಶುರುವಾದವು. ದೊಡ್ಡದು ಬಂದದ್ದು 1967ರ ಡಿಸೆಂಬರ್ 11ರ ನಸುಕಿನಲ್ಲಿ, 6.3 ತೀವ್ರತೆ, ಇನ್ನೂರರ ಹತ್ತಿರ ಜನ ಸತ್ತರು. ಅಣೆಕಟ್ಟಿನ ಮೇಲ್ಭಾಗದಲ್ಲೂ ಬಿರುಕು ಬಿದ್ದು, ಆಮೇಲೆ ಅದಕ್ಕೆ ಕಾಂಕ್ರೀಟ್ ಆಸರೆ ಕಟ್ಟಿದರು. 1985ರಿಂದ ವಾರಣಾ ಜಲಾಶಯ ತುಂಬತೊಡಗಿದ ಮೇಲೆ, 1993ರ ಹೊತ್ತಿಗೆ ದಕ್ಷಿಣದ ಆ ಕಡೆಯೂ ನಡುಕ ಹೆಚ್ಚಿತು. ಅಂದರೆ ನಿಮ್ಮ ಜಮೀನು ನಡುಗುವ ಪಟ್ಟಿಯಲ್ಲೇ ಇದೆ, ಹೊಂಡ ಇದ್ದರೂ ಇಲ್ಲದಿದ್ದರೂ.

ಈಗ ಮನೆ. ಮಣ್ಣಿನ ಗಾರೆಯ ಕಲ್ಲಿನ ಗೋಡೆಗೆ ಒಳಮುಖ ಹೊರಮುಖ ಎಂದು ಎರಡು ಪದರ, ನಡುವೆ ಚೂರುಗಲ್ಲು. ನಡುಗಿದಾಗ ಚೂರು ಕೆಳಗಿಳಿದು ಪದರ ಹೊಟ್ಟೆ ಬಿಡುತ್ತದೆ, ಛಾವಣಿ ಒಳಗೆ ಬೀಳುತ್ತದೆ. ಎರಡನ್ನೂ ಹೊಲಿಯಬೇಕು. ಮೀಟರಿಗೊಂದರಂತೆ ಒಂದೊಂದು ಕಲ್ಲು ಬಿಡಿಸಿ ಆರಪಾರ ತೂತು ಮಾಡಿ, ಎರಡೂ ತುದಿ ಬಗ್ಗಿಸಿದ 8 ಎಂಎಂ ಸರಳು ಇಟ್ಟು ಕಾಂಕ್ರೀಟ್ ತುಂಬಿ, ಹತ್ತು ದಿನ ನೀರುಣಿಸಿ. ಸುತ್ತಿಗೆಯಿಂದ ಹೊಡೆಯಲೇ ಬಾರದು, ಸಣ್ಣ ಹಾರೆಯಿಂದ ಮೆಲ್ಲಗೆ ಮೀಟಬೇಕು. ಹೊಡೆದರೆ ಪಕ್ಕದ ಕಲ್ಲೂ ಸಡಿಲ. ಗೌಂಡಿ ಅವಸರ ಮಾಡಿದರೂ ಒಪ್ಪಬೇಡಿ. ಹೊಸದಾಗಿ ಕಟ್ಟುವುದಾದರೆ ಗೋಡೆ 45 ಸೆಂಟಿಮೀಟರ್ ಮೀರದಿರಲಿ, ಬಾಗಿಲ ತಲೆಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಬರಲಿ: 75 ಎಂಎಂ ದಪ್ಪ, ಕನಿಷ್ಠ ಎರಡು 8 ಎಂಎಂ ಸರಳು, 150 ಎಂಎಂಗೊಂದು 6 ಎಂಎಂ ರಿಂಗು. ಮೂಲೆಯಲ್ಲಿ ಸರಳು ಕತ್ತರಿಸಿ ನಿಲ್ಲಿಸಿದರೆ ಪಟ್ಟಿ ಹಾಕಿಯೂ ದಂಡ. ಬಗ್ಗಿಸಿ ಮುಂದಿನ ಗೋಡೆಗೆ ಒಯ್ಯಬೇಕು.

ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ಅಂದರೆ ಒಂದು ಟನ್ ಭಾರ. ಇಟ್ಟಿಗೆ ಕಂಬದ ಮೇಲಿದ್ದರೆ ಇಳಿಸಿ.

ಹೊಂಡವನ್ನು ಮನೆಯ ಮೇಲ್ಬದಿಗೆ ಮಾಡಬೇಡಿ, ನೀರಿನ ಮಟ್ಟಕ್ಕಿಂತ ದಂಡೆ ಅರ್ಧ ಮೀಟರ್ ಎತ್ತರವಿರಲಿ. ಜೋರಾಗಿ ನಡುಗಿದ ದಿನ ದಂಡೆಯ ತಲೆ ಮೇಲೆ ಉದ್ದಕ್ಕೆ ಬಿರುಕು ಬಿಟ್ಟಿದೆಯೇ ನೋಡಿ. ಬಿಟ್ಟಿದ್ದರೆ ಪಂಪ್ ಹಚ್ಚಿ ನೀರು ಅರ್ಧಕ್ಕಿಳಿಸಿ, ಆಮೇಲೆ ಮಣ್ಣು ಬಗೆದು ಪದರ ಪದರವಾಗಿ ದಮ್ಮಸ್ಸು ಮಾಡಿಸಿ. ಗೋಡೆಯ ದಪ್ಪ, ಉದ್ದ ಅಳೆದು ಇಲ್ಲಿ ಹಾಕಿ, ಸರಳು ಸಿಮೆಂಟಿನ ಲೆಕ್ಕ ಕೊಡುತ್ತೇನೆ.